ಫ್ರೇಸಲ್ ವರ್ಬ್

ಫ್ರೇಸಲ್ ವರ್ಬ್ ಎಂದರೆ ಇಂಗ್ಲಿಷಿನಲ್ಲಿ ಒಂದು ಕ್ರಿಯಾಪದವೂ ಅದರ ಬೆನ್ನಿಗೆ ಬರುವ ಒಂದೆರಡು ಅವ್ಯಯಗಳೂ ಕೂಡಿ ಒಂದೇ ಅರ್ಥವನ್ನು ಕೊಡುವ ಪದಗುಚ್ಛ. 'ಗಿವ್' ಎಂದರೆ ಕೊಡು, 'ಅಪ್' ಎಂದರೆ ಮೇಲೆ. ಆದರೆ 'ಗಿವ್ ಅಪ್' ಎಂದರೆ ಬಿಟ್ಟುಬಿಡು. 'ಲುಕ್' ಎಂದರೆ ನೋಡು, 'ಆಫ್ಟರ್' ಎಂದರೆ ಆಮೇಲೆ; ಆದರೆ 'ಲುಕ್ ಆಫ್ಟರ್' ಎಂದರೆ ಆರೈಕೆ ಮಾಡು. ಹೀಗೆ ಬಿಡಿ ಪದಗಳ ಅರ್ಥವನ್ನು ಕೂಡಿಸಿದರೂ ಇಡಿಯ ಅರ್ಥ ದೊರೆಯದಿರುವುದು ಈ ಪದಗುಚ್ಛಗಳ ಮುಖ್ಯ ಲಕ್ಷಣ. ಇಂಗ್ಲಿಷನ್ನು ಎರಡನೆಯ ಭಾಷೆಯಾಗಿ ಕಲಿಯುವವರಿಗೆ ಅತ್ಯಂತ ತೊಡಕಾಗಿ ಕಾಣುವ ಭಾಗಗಳಲ್ಲಿ ಇದೂ ಒಂದು. ಕನ್ನಡದಲ್ಲಿಯೂ ಇದಕ್ಕೆ ಹತ್ತಿರದ ರಚನೆಗಳು ಹೇರಳವಾಗಿರುವುದರಿಂದ, ಕನ್ನಡ ಬಲ್ಲವರು ತಮ್ಮ ಭಾಷೆಯ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಇದನ್ನು ಅರಿಯಬಹುದು.

ಹೆಸರು ಮತ್ತು ಇತಿಹಾಸ

ಪ್ರಾಚೀನ ಇಂಗ್ಲಿಷಿನಲ್ಲಿ ದಿಕ್ಕನ್ನು ಸೂಚಿಸುವ ಪದಗಳು ಅನೇಕ ವೇಳೆ ಕ್ರಿಯಾಪದದ ಮೊದಲಿಗೆ ಅಂಟಿಕೊಂಡು ಬರುತ್ತಿದ್ದವು. ಇಂದಿಗೂ ಬಳಕೆಯಲ್ಲಿರುವ 'ಅಂಡರ್‌ಸ್ಟ್ಯಾಂಡ್', 'ಅಪ್‌ಹೋಲ್ಡ್', 'ಓವರ್‌ಕಮ್' ಮೊದಲಾದ ಪದಗಳು ಅದೇ ಬಗೆಯವು. ಮುಂದಿನ ಶತಮಾನಗಳಲ್ಲಿ ಈ ಪದಗಳು ಕ್ರಿಯಾಪದದ ಅನಂತರ ಬಿಡಿಯಾಗಿ ಬರುವ ಪದ್ಧತಿ ಬಲಗೊಂಡಿತು. ಸ್ಥಾನ ಬದಲಾದರೆ ಅರ್ಥವೂ ಬದಲಾಗುವುದುಂಟು: 'ಅಪ್‌ಹೋಲ್ಡ್' ಎಂದರೆ ಎತ್ತಿಹಿಡಿ, 'ಹೋಲ್ಡ್ ಅಪ್' ಎಂದರೆ ತಡಮಾಡು.

1755ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ನಿಘಂಟಿನ ಮುನ್ನುಡಿಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಈ ಬಗೆಯ ಜೋಡಣೆಗಳು ಪರಭಾಷಿಕರಿಗೆ ಹೆಚ್ಚಿನ ತೊಂದರೆ ಕೊಡುತ್ತವೆಂದು ಗುರುತಿಸಿ, ಅವುಗಳನ್ನು ಎಚ್ಚರಿಕೆಯಿಂದ ಸಂಗ್ರಹಿಸಿದುದಾಗಿ ತಿಳಿಸಿದ್ದಾನೆ. 'ಫ್ರೇಸಲ್ ವರ್ಬ್' ಎಂಬ ಹೆಸರು 1925ರಲ್ಲಿ ಲೋಗನ್ ಪಿಯರ್ಸಾಲ್ ಸ್ಮಿತ್ ಬರೆದ ಗ್ರಂಥದಿಂದ ಪ್ರಚಾರಕ್ಕೆ ಬಂದಿತು. ಆಕ್ಸ್‌ಫರ್ಡ್ ನಿಘಂಟಿನ ಸಂಪಾದಕರಲ್ಲಿ ಒಬ್ಬರಾದ ಹೆನ್ರಿ ಬ್ರಾಡ್ಲಿ ಈ ಹೆಸರನ್ನು ಸೂಚಿಸಿದವರೆಂದು ಸ್ಮಿತ್ ಹೇಳಿದ್ದಾರೆ.

ಕನ್ನಡದಲ್ಲಿ ಹೋಲುವ ರಚನೆಗಳು

ಕನ್ನಡ ವ್ಯಾಕರಣದಲ್ಲಿ ನಾಮಪದವು ಪೂರ್ವಪದವಾಗಿ, ಕ್ರಿಯೆಯು ಉತ್ತರಪದವಾಗಿ ಆಗುವ ಸಮಾಸಕ್ಕೆ ಕ್ರಿಯಾಸಮಾಸವೆಂದು ಹೆಸರು. ಕಣ್ತೆರೆ, ಕೈಮುಗಿ, ಮೈಮರೆ ಮುಂತಾದವು ಶಾಲೆಯ ಪಠ್ಯಗಳಲ್ಲಿ ಬರುವ ಉದಾಹರಣೆಗಳು. ಇವುಗಳಲ್ಲಿ ಕೆಲವಕ್ಕೆ ಪದಶಃ ಅರ್ಥವೇ ಉಳಿದಿದೆ. ಕೆಲವು ಪೂರ್ತಿ ಬೇರೆಯ ಅರ್ಥವನ್ನು ಪಡೆದಿವೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಭಾಗದ ರೈತನು 'ಈ ಸಲ ಮಳೆ ಕೈಕೊಟ್ಟಿತು' ಎಂದರೆ ಮಳೆಯು ನೆರವಾಯಿತೆಂದು ಯಾವ ಕನ್ನಡಿಗನೂ ತಿಳಿಯುವುದಿಲ್ಲ. ಕೊಪ್ಪದ ಬಳಿಯ ಬೈಲಕುಪ್ಪೆಯಲ್ಲಿ 1960ರ ದಶಕದಿಂದ ನೆಲೆಸಿರುವ ಟಿಬೆಟನ್ನರಂತೆ ಕನ್ನಡವನ್ನು ಹೊಸದಾಗಿ ಕಲಿಯಬೇಕಾದವರಿಗೆ ಮಾತ್ರ, 'ಕೈ' ಮತ್ತು 'ಕೊಡು' ಎಂಬೆರಡು ಪದಗಳು ಗೊತ್ತಿದ್ದರೂ 'ಕೈಕೊಡು' ಎಂಬುದರ ಅರ್ಥ ಹೊಳೆಯುವುದು ಕಷ್ಟ. ಕೈಬಿಡು, ಕೈಹಾಕು, ಕೈಗೂಡು, ಕೈಮೀರು ಎಂಬವುಗಳನ್ನೂ ಅವರು ಒಂದೊಂದಾಗಿ ಕಲಿಯಬೇಕು. ಇಂಗ್ಲಿಷಿನ 'ಲೆಟ್ ಡೌನ್' (ಕೈಕೊಡು), 'ಗಿವ್ ಅಪ್' (ಕೈಬಿಡು) ಎಂಬವುಗಳ ಮುಂದೆ ಕನ್ನಡದ ವಿದ್ಯಾರ್ಥಿಯ ಸ್ಥಿತಿಯೂ ಇದೇ. ಅಂದರೆ ತೊಡಕು ಇಂಗ್ಲಿಷಿಗೆ ಮಾತ್ರ ಸೇರಿದುದಲ್ಲ. ಯಾವ ಭಾಷೆಯ ನುಡಿಗಟ್ಟಾದರೂ ಹೊರಗಿನವರಿಗೆ ಹೀಗೆಯೇ ತೋರುತ್ತದೆ.

ಎರಡನೆಯ ಹೋಲಿಕೆ ದಿಕ್ಕನ್ನು ಸೂಚಿಸುವ ಪದಗಳಲ್ಲಿದೆ. ಹೊರಹಾಕು, ಮೇಲೇಳು, ಹಿಂತಿರುಗು, ಮುಂದುವರಿ ಎಂಬಲ್ಲಿ ಕನ್ನಡವು ದಿಕ್ಕಿನ ಪದವನ್ನು ಕ್ರಿಯೆಗೆ ಮೊದಲು ಇಡುತ್ತದೆ. ಇಂಗ್ಲಿಷು ಅದನ್ನೇ ಕ್ರಿಯೆಯ ಅನಂತರ ಇಡುತ್ತದೆ: 'ಥ್ರೋ ಔಟ್', 'ಗೆಟ್ ಅಪ್', 'ಕಮ್ ಬ್ಯಾಕ್', 'ಗೋ ಆನ್'.

ಮೂರನೆಯ ಹೋಲಿಕೆ ಬಿಡು, ಹೋಗು, ಹಾಕು, ಕೊಳ್ಳು ಮೊದಲಾದ ಸಹಾಯಕ ಕ್ರಿಯೆಗಳದು. 'ಕೆರೆ ಬತ್ತಿತು' ಎನ್ನುವುದಕ್ಕೂ 'ಕೆರೆ ಬತ್ತಿಹೋಯಿತು' ಎನ್ನುವುದಕ್ಕೂ ವ್ಯತ್ಯಾಸವಿದೆ. ಎರಡನೆಯದರಲ್ಲಿ ಕೆಲಸವು ಪೂರ್ತಿಯಾಯಿತೆಂಬ ಭಾವ ಸೇರುತ್ತದೆ. ಇಂಗ್ಲಿಷಿನಲ್ಲಿ 'ಡ್ರೈ' ಎಂಬುದಕ್ಕೂ 'ಡ್ರೈ ಅಪ್' ಎಂಬುದಕ್ಕೂ ಇರುವ ವ್ಯತ್ಯಾಸ ಇದೇ ಜಾತಿಯದು. 'ಟೇರ್ ಅಪ್' ಎಂದರೆ ಹರಿದುಹಾಕು, 'ಬರ್ನ್ ಡೌನ್' ಎಂದರೆ ಸುಟ್ಟುಹೋಗು. ಇಲ್ಲಿ 'ಅಪ್' ಎಂಬುದನ್ನು ಮೇಲೆ ಎಂದಾಗಲಿ 'ಡೌನ್' ಎಂಬುದನ್ನು ಕೆಳಗೆ ಎಂದಾಗಲಿ ಅನುವಾದಿಸಬೇಕಾದ ಅಗತ್ಯವಿಲ್ಲ.

ಅರ್ಥದ ದೃಷ್ಟಿಯಿಂದ ಬಗೆಗಳು

ಅರ್ಥವು ಎಷ್ಟರಮಟ್ಟಿಗೆ ಊಹೆಗೆ ನಿಲುಕುತ್ತದೆ ಎಂಬುದನ್ನು ನೋಡಿ ಇವುಗಳನ್ನು ಮೂರಾಗಿ ವಿಂಗಡಿಸಬಹುದು.

1. ನೇರಾರ್ಥದವು: 'ಸಿಟ್ ಡೌನ್' (ಕುಳಿತುಕೊ), 'ಗೋ ಔಟ್' (ಹೊರಗೆ ಹೋಗು), 'ಕಮ್ ಇನ್' (ಒಳಗೆ ಬಾ). ಇವು ಬಿಡಿ ಪದಗಳ ಅರ್ಥದಿಂದಲೇ ತಿಳಿಯುತ್ತವೆ.

2. ಕ್ರಿಯೆಯ ರೀತಿಯನ್ನು ಸೂಚಿಸುವವು: 'ಈಟ್ ಅಪ್' (ತಿಂದು ಮುಗಿಸು), 'ಯೂಸ್ ಅಪ್' (ಬಳಸಿ ಖಾಲಿಮಾಡು), 'ರೀಡ್ ಆನ್' (ಓದುತ್ತಲೇ ಹೋಗು). ಕ್ರಿಯಾಪದದ ಅರ್ಥ ಉಳಿದು, ಅವ್ಯಯವು ಪೂರ್ಣತೆಯನ್ನೋ ಮುಂದುವರಿಕೆಯನ್ನೋ ಸೇರಿಸುತ್ತದೆ.

3. ರೂಢಿಯ ಅರ್ಥದವು: 'ಟರ್ನ್ ಡೌನ್' (ನಿರಾಕರಿಸು), 'ಬ್ರಿಂಗ್ ಅಪ್' (ಸಾಕಿ ಬೆಳೆಸು), 'ಪುಟ್ ಅಪ್ ವಿತ್' (ಸಹಿಸಿಕೊ). ಇವುಗಳನ್ನು ಒಂದೇ ಪದವೆಂಬಂತೆ ಇಡಿಯಾಗಿ ಕಲಿಯಬೇಕು.

ಒಂದೇ ಪದಗುಚ್ಛಕ್ಕೆ ಹಲವು ಅರ್ಥಗಳಿರುವುದು ಸಾಮಾನ್ಯ. 'ಟೇಕ್ ಆಫ್' ಎಂಬುದು ವಿಮಾನದ ವಿಷಯದಲ್ಲಿ ನೆಲ ಬಿಟ್ಟು ಏರುವುದನ್ನೂ, ಅಂಗಿಯ ವಿಷಯದಲ್ಲಿ ಕಳಚುವುದನ್ನೂ ಹೇಳುತ್ತದೆ. 'ಗೋ ಆಫ್' ಎಂಬುದು ಇನ್ನೂ ವಿಚಿತ್ರವಾದುದು: 'ದಿ ಲೈಟ್ಸ್ ವೆಂಟ್ ಆಫ್' ಎಂದರೆ ದೀಪಗಳು ಆರಿದವು, 'ದಿ ಅಲಾರ್ಮ್ ವೆಂಟ್ ಆಫ್' ಎಂದರೆ ಗಂಟೆ ಬಾರಿಸತೊಡಗಿತು, 'ದಿ ಮಿಲ್ಕ್ ವೆಂಟ್ ಆಫ್' ಎಂದರೆ ಹಾಲು ಕೆಟ್ಟುಹೋಯಿತು. ಆದುದರಿಂದ ಅರ್ಥವನ್ನು ನಿರ್ಣಯಿಸಲು ವಾಕ್ಯದ ಕರ್ತೃ, ಕರ್ಮಗಳನ್ನು ನೋಡುವುದು ಅನಿವಾರ್ಯ.

ರಚನೆಯ ನಿಯಮಗಳು

ಅರ್ಥ ಗೊತ್ತಿದ್ದವರೂ ವಾಕ್ಯರಚನೆಯಲ್ಲಿ ಎಡವುವುದುಂಟು. ಕರ್ಮಪದವನ್ನು ಎಲ್ಲಿ ಇಡಬೇಕೆಂಬುದೇ ಇದಕ್ಕೆ ಮುಖ್ಯ ಕಾರಣ. ಕನ್ನಡದಲ್ಲಿ ವಿಭಕ್ತಿಪ್ರತ್ಯಯಗಳಿರುವುದರಿಂದ ಪದಗಳ ಸ್ಥಾನ ತಕ್ಕಮಟ್ಟಿಗೆ ಸಡಿಲ, ಇಂಗ್ಲಿಷಿನಲ್ಲಿ ಹಾಗಲ್ಲ.

ಅಕರ್ಮಕ ಬಗೆ: 'ದಿ ಬಸ್ ಬ್ರೋಕ್ ಡೌನ್' (ಬಸ್ಸು ಕೆಟ್ಟು ನಿಂತಿತು), 'ವಿ ಸೆಟ್ ಆಫ್ ಅಟ್ ಸಿಕ್ಸ್' (ನಾವು ಆರಕ್ಕೆ ಹೊರಟೆವು). ಇಲ್ಲಿ ಕರ್ಮಪದವೇ ಇಲ್ಲದ ಕಾರಣ ತೊಡಕಿಲ್ಲ.

ಬಿಡಿಸಬಹುದಾದ ಸಕರ್ಮಕ ಬಗೆ: ಕರ್ಮವು ನಾಮಪದವಾಗಿದ್ದರೆ ಅವ್ಯಯದ ಮುಂದೂ ಇಡಬಹುದು, ಹಿಂದೂ ಇಡಬಹುದು. 'ದೇ ಪುಟ್ ಔಟ್ ದಿ ಫೈರ್', 'ದೇ ಪುಟ್ ದಿ ಫೈರ್ ಔಟ್' ಎರಡೂ ಸರಿ; ಎರಡಕ್ಕೂ ಬೆಂಕಿಯನ್ನು ನಂದಿಸಿದರು ಎಂದೇ ಅರ್ಥ. ಆದರೆ ಕರ್ಮವು ಸರ್ವನಾಮವಾಗಿದ್ದರೆ ಅದು ನಡುವೆಯೇ ಬರಬೇಕು: 'ದೇ ಪುಟ್ ಇಟ್ ಔಟ್' ಎಂಬುದು ಸರಿ, 'ದೇ ಪುಟ್ ಔಟ್ ಇಟ್' ಎಂಬುದು ತಪ್ಪು. ಕರ್ಮವು ಉದ್ದವಾದ ಪದಸಮೂಹವಾಗಿದ್ದರೆ ಅದನ್ನು ಅವ್ಯಯದ ಅನಂತರ ಇಡುವುದು ವಾಡಿಕೆ.

ಬಿಡಿಸಲಾಗದ ಬಗೆ: ಕ್ರಿಯಾಪದದ ಜೊತೆಗೆ ಬರುವುದು ಪ್ರಿಪೊಸಿಷನ್ ಆಗಿದ್ದರೆ ಸರ್ವನಾಮವೂ ಅದರ ಅನಂತರವೇ ಬರಬೇಕು. 'ಶಿ ಲುಕ್ಸ್ ಆಫ್ಟರ್ ಹಿಮ್' (ಅವಳು ಅವನನ್ನು ನೋಡಿಕೊಳ್ಳುತ್ತಾಳೆ) ಎಂಬುದು ಸರಿ. 'ಶಿ ಲುಕ್ಸ್ ಹಿಮ್ ಆಫ್ಟರ್' ಎಂಬ ಪ್ರಯೋಗವಿಲ್ಲ.

ಮೂರು ಪದಗಳ ಬಗೆ: 'ಪುಟ್ ಅಪ್ ವಿತ್' (ಸಹಿಸಿಕೊ), 'ರನ್ ಔಟ್ ಆಫ್' (ಮುಗಿದುಹೋಗು), 'ಲುಕ್ ಫಾರ್ವರ್ಡ್ ಟು' (ಎದುರುನೋಡು). ಇವುಗಳನ್ನು ಸಾಮಾನ್ಯವಾಗಿ ಬಿಡಿಸುವುದಿಲ್ಲ. 'ಲುಕ್ ಫಾರ್ವರ್ಡ್ ಟು' ಎಂಬುದರ ಅನಂತರ ಕ್ರಿಯೆ ಬಂದರೆ ಅದು 'ಇಂಗ್' ರೂಪದಲ್ಲಿರಬೇಕು: 'ಐ ಲುಕ್ ಫಾರ್ವರ್ಡ್ ಟು ಮೀಟಿಂಗ್ ಯು'. ಇದನ್ನು 'ಟು ಮೀಟ್' ಎಂದು ಬರೆಯುವ ತಪ್ಪು ಅರ್ಜಿಗಳಲ್ಲಿ ಹೆಚ್ಚಾಗಿ ಕಂಡುಬರುತ್ತದೆ.

ಉಚ್ಚಾರಣೆಯಲ್ಲಿಯೂ ಈ ಭೇದ ತಿಳಿಯುತ್ತದೆ. ಬಿಡಿಸಬಹುದಾದ ಬಗೆಯಲ್ಲಿ ಅವ್ಯಯದ ಮೇಲೆ ಒತ್ತು ಬೀಳುತ್ತದೆ. 'ಲುಕ್ ಆಫ್ಟರ್' ಎಂಬಂಥವುಗಳಲ್ಲಿ ಸಾಮಾನ್ಯವಾಗಿ ಕ್ರಿಯಾಪದದ ಮೇಲೆ ಬೀಳುತ್ತದೆ.

ಶೈಲಿ: ದೇಸಿ ಮತ್ತು ತತ್ಸಮದ ಹೋಲಿಕೆ

ಇಂಗ್ಲಿಷಿನ ಅನೇಕ ಫ್ರೇಸಲ್ ವರ್ಬ್‌ಗಳಿಗೆ ಲ್ಯಾಟಿನ್ ಅಥವಾ ಫ್ರೆಂಚ್ ಮೂಲದಿಂದ ಬಂದ ಒಂಟಿ ಪದದ ಪರ್ಯಾಯವಿದೆ: 'ಪುಟ್ ಆಫ್' ಎಂಬುದಕ್ಕೆ 'ಪೋಸ್ಟ್‌ಪೋನ್', 'ಪುಟ್ ಔಟ್' ಎಂಬುದಕ್ಕೆ 'ಎಕ್ಸ್‌ಟಿಂಗ್ವಿಶ್', 'ಪುಟ್ ಅಪ್ ವಿತ್' ಎಂಬುದಕ್ಕೆ 'ಟಾಲರೇಟ್'. ಕನ್ನಡದಲ್ಲಿ 'ಬಿಟ್ಟುಬಿಡು' ಎಂಬುದರ ಪಕ್ಕದಲ್ಲಿ 'ತ್ಯಜಿಸು' ಇರುವಂತೆ, 'ತಾಳಿಕೊ' ಎಂಬುದರ ಪಕ್ಕದಲ್ಲಿ 'ಸಹಿಸು' ಇರುವಂತೆ ಇದನ್ನು ತಿಳಿಯಬಹುದು. ಮನೆಯ ಮಾತಿನಲ್ಲಿ ಎಲ್ಲೆಲ್ಲೂ 'ತ್ಯಜಿಸು' ಎನ್ನುವವನ ಕನ್ನಡ ಹೇಗೆ ಗ್ರಾಂಥಿಕವಾಗಿ ಕೇಳಿಸುತ್ತದೆಯೋ, ಫ್ರೇಸಲ್ ವರ್ಬ್‌ಗಳನ್ನು ಪೂರ್ತಿ ಬಿಟ್ಟು ಮಾತನಾಡುವವನ ಇಂಗ್ಲಿಷೂ ಹಾಗೆಯೇ ಕೇಳಿಸುತ್ತದೆ.

ಪರಭಾಷಿಕರು ಇವುಗಳ ಗೊಡವೆಗೇ ಹೋಗದೆ ಒಂಟಿ ಪದಗಳನ್ನು ಆರಿಸಿಕೊಳ್ಳುವ ಪ್ರವೃತ್ತಿಯನ್ನು ಭಾಷಾವಿಜ್ಞಾನಿಗಳು ಗಮನಿಸಿದ್ದಾರೆ. ಹೀಬ್ರೂ ಮಾತೃಭಾಷೆಯ ವಿದ್ಯಾರ್ಥಿಗಳಲ್ಲಿ ಈ ಪ್ರವೃತ್ತಿಯಿರುವುದನ್ನು ಡ್ಯಾಗಟ್ ಮತ್ತು ಲಾಫರ್ 1985ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತೋರಿಸಿದರು.

ಆದರೂ ಫ್ರೇಸಲ್ ವರ್ಬ್‌ಗಳೆಲ್ಲ ಆಡುಮಾತಿಗೆ ಮಾತ್ರ ಸೇರಿದವೆಂದು ಭಾವಿಸಬಾರದು. ವಿಜ್ಞಾನದ ಬರಹಗಳಲ್ಲಿ 'ಕ್ಯಾರಿ ಔಟ್' (ನಡೆಸು), ನ್ಯಾಯಾಲಯದ ಆದೇಶಗಳಲ್ಲಿ 'ಸೆಟ್ ಅಸೈಡ್' (ರದ್ದುಪಡಿಸು) ಎಂಬ ಪ್ರಯೋಗಗಳು ಪೂರ್ತಿ ಗಂಭೀರವಾದವು. ಕೆಳಗಿನ ನ್ಯಾಯಾಲಯದ ತೀರ್ಪನ್ನು 'ಸೆಟ್ ಅಸೈಡ್' ಮಾಡಲಾಗಿದೆ ಎಂದರೆ ಅದನ್ನು ಪಕ್ಕಕ್ಕೆ ತೆಗೆದಿಟ್ಟಿದ್ದಾರೆ ಎಂದಲ್ಲ. ಆ ತೀರ್ಪು ಇನ್ನು ಊರ್ಜಿತವಲ್ಲ ಎಂದು.

ಅವ್ಯಯ ಬದಲಾದರೆ ಆಗುವ ವ್ಯತ್ಯಾಸ

ಪರೀಕ್ಷೆಯ ಅಂಕಗಳಾಚೆಗೂ ಈ ಪದಗುಚ್ಛಗಳ ತಿಳಿವಳಿಕೆ ಮುಖ್ಯವಾದುದು. ಓದುವವರು ಪರಿಚಿತವಾದ ಕ್ರಿಯಾಪದವನ್ನು ಕಂಡು ಅವ್ಯಯವನ್ನು ಲಕ್ಷಿಸದೆ ಹೋದಲ್ಲಿ ಸಂದೇಶವೇ ತಲೆಕೆಳಗಾಗಬಹುದು.

'ಕಟ್ ಡೌನ್ ಆನ್' ಮತ್ತು 'ಕಟ್ ಔಟ್': ವೈದ್ಯರು 'ಕಟ್ ಡೌನ್ ಆನ್ ಸಾಲ್ಟ್' ಎಂದರೆ ಉಪ್ಪನ್ನು ಕಡಿಮೆಮಾಡಬೇಕು. 'ಕಟ್ ಔಟ್ ಆಲ್ಕೊಹಾಲ್' ಎಂದರೆ ಮದ್ಯವನ್ನು ಪೂರ್ತಿ ನಿಲ್ಲಿಸಬೇಕು.

'ಪುಟ್ ಆಫ್' ಮತ್ತು 'ಕಾಲ್ ಆಫ್': ಸಂದರ್ಶನವನ್ನು 'ಪುಟ್ ಆಫ್' ಮಾಡಿದರೆ ಅದು ಇನ್ನೊಂದು ದಿನ ನಡೆಯುತ್ತದೆ, 'ಕಾಲ್ ಆಫ್' ಮಾಡಿದರೆ ನಡೆಯುವುದೇ ಇಲ್ಲ. 'ಕಾಲ್' ಎಂಬ ಪದವನ್ನು ನೋಡಿ ಕರೆ ಬಂದಿದೆಯೆಂದು ತಿಳಿಯುವುದು ತಪ್ಪು.

'ಬ್ರಿಂಗ್ ಫಾರ್ವರ್ಡ್': ಕನ್ನಡಿಗರು ವಿಶೇಷವಾಗಿ ಎಚ್ಚರ ವಹಿಸಬೇಕಾದ ಪ್ರಯೋಗವಿದು. 'ಫಾರ್ವರ್ಡ್' ಎಂದರೆ ಮುಂದೆ. ಕನ್ನಡದಲ್ಲಿ ಸಭೆಯನ್ನು ಮುಂದೆ ಹಾಕಿದರು, ಮುಂದೂಡಿದರು ಎಂದರೆ ತಡವಾಗಿ ನಡೆಸುತ್ತಾರೆಂದು ಅರ್ಥ. ಆದರೆ 'ದಿ ಮೀಟಿಂಗ್ ವಾಸ್ ಬ್ರಾಟ್ ಫಾರ್ವರ್ಡ್' ಎಂದರೆ ಗೊತ್ತುಪಡಿಸಿದ ದಿನಕ್ಕಿಂತ ಮೊದಲೇ ನಡೆಸುತ್ತಾರೆಂದು ಅರ್ಥ. ಭಾರತದಲ್ಲಿ 'ಪ್ರಿಪೋನ್' ಎಂದು ಹೇಳುವುದು ಇದನ್ನೇ. ಇದನ್ನು ಕನ್ನಡದ ರೂಢಿಯಂತೆ ಗ್ರಹಿಸಿದ ಅಭ್ಯರ್ಥಿಯು ಸಂದರ್ಶನ ಮುಗಿದ ಮೇಲೆ ಹೋಗಿ ನಿಲ್ಲಬೇಕಾದೀತು.

'ಟರ್ನ್ ಅಪ್' ಮತ್ತು 'ಟರ್ನ್ ಡೌನ್': ಅಭ್ಯರ್ಥಿ 'ಟರ್ನ್ ಅಪ್' ಆದನೆಂದರೆ ಬಂದು ಹಾಜರಾದನು, ಅರ್ಜಿ 'ಟರ್ನ್ ಡೌನ್' ಆಯಿತೆಂದರೆ ತಿರಸ್ಕೃತವಾಯಿತು.

ಇದಕ್ಕೆ ವಿರುದ್ಧವಾಗಿ ಅವ್ಯಯ ಬೇರೆಯಾದರೂ ಅರ್ಥ ಒಂದೇ ಆಗಿರುವುದೂ ಉಂಟು. ನಮೂನೆಯೊಂದನ್ನು 'ಫಿಲ್ ಇನ್' ಮಾಡಿ ಎಂದರೂ 'ಫಿಲ್ ಔಟ್' ಮಾಡಿ ಎಂದರೂ ಭರ್ತಿಮಾಡಿ ಎಂದೇ ಅರ್ಥ.

ಕರ್ನಾಟಕದಲ್ಲಿ ಕಲಿಕೆ ಮತ್ತು ಬಳಕೆ

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಗಳಲ್ಲಿ 2007–08ನೆಯ ಸಾಲಿನಿಂದ ಒಂದನೆಯ ತರಗತಿಯಿಂದಲೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದೆ. ಶಿಕ್ಷಕರ ತರಬೇತಿಗಾಗಿ ಬೆಂಗಳೂರಿನಲ್ಲಿ ದಕ್ಷಿಣ ಭಾರತ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆ 1963ರಿಂದ ಕಾರ್ಯನಿರ್ವಹಿಸುತ್ತಿದೆ. ಕನ್ನಡವನ್ನು ಪ್ರಥಮ ಭಾಷೆಯಾಗಿ ಓದುವ ಹೆಚ್ಚಿನವರಿಗೆ ಎಸ್‌ಎಸ್‌ಎಲ್‌ಸಿಯಲ್ಲಿ ಇಂಗ್ಲಿಷ್ ದ್ವಿತೀಯ ಭಾಷೆ. ಹಳ್ಳಿಗಳ ವಿದ್ಯಾರ್ಥಿಗಳಿಗೆ ಇಂಗ್ಲಿಷ್ ಬಹುಪಾಲು ಪುಸ್ತಕದ ಮೂಲಕ ಬರುವುದರಿಂದ, ಗ್ರಾಂಥಿಕವಾದ ಒಂಟಿ ಪದಗಳೇ ಮೊದಲು ಪರಿಚಯವಾಗುತ್ತವೆ. ಆಡುಮಾತಿನ ಪದಗುಚ್ಛಗಳು ಕಿವಿಗೆ ಬೀಳುವುದು ಕಡಿಮೆ. ಮೈಸೂರು–ಮಡಿಕೇರಿ ಹೆದ್ದಾರಿಯಲ್ಲಿ ಕಾವೇರಿಯ ಈಚೆಗಿರುವ ಕೊಪ್ಪದಂಥ ಊರುಗಳ ಸ್ಥಿತಿ ತುಸು ಭಿನ್ನ. ಬೈಲಕುಪ್ಪೆಯ ನಾಮ್‌ಡ್ರೋಲಿಂಗ್ ವಿಹಾರಕ್ಕೆ ಬರುವ ಹೊರನಾಡಿನವರೊಡನೆ ವ್ಯವಹರಿಸುವ ಆಟೋ ಚಾಲಕರಿಗೂ ಅಂಗಡಿಯವರಿಗೂ 'ಪಿಕ್ ಅಪ್', 'ಡ್ರಾಪ್ ಆಫ್', 'ಗೆಟ್ ಇನ್', 'ಕಮ್ ಬ್ಯಾಕ್' ಎಂಬಂಥ ಮಾತುಗಳೇ ಮೊದಲು ಬೇಕಾಗುತ್ತವೆ.

ಕನ್ನಡಿಗರಲ್ಲಿಯೂ ಇತರ ಭಾರತೀಯರಲ್ಲಿಯೂ ಕೆಲವು ವಿಶಿಷ್ಟ ಪ್ರಯೋಗಗಳು ನೆಲೆಗೊಂಡಿವೆ. 'ಕೋಪ್ ವಿತ್' (ನಿಭಾಯಿಸು) ಎನ್ನಬೇಕಾದಲ್ಲಿ 'ಕೋಪ್ ಅಪ್ ವಿತ್' ಎಂದೂ, 'ಡಿಸ್ಕಸ್' ಎಂದಷ್ಟೇ ಹೇಳಬೇಕಾದಲ್ಲಿ 'ಡಿಸ್ಕಸ್ ಅಬೌಟ್' ಎಂದೂ, 'ರಿಟರ್ನ್' ಎಂಬಲ್ಲಿ 'ರಿಟರ್ನ್ ಬ್ಯಾಕ್' ಎಂದೂ ಹೇಳುವುದು ಸಾಮಾನ್ಯ. ಎರಡನೆಯದಕ್ಕೆ ಕನ್ನಡದ 'ಬಗ್ಗೆ ಚರ್ಚಿಸು' ಎಂಬ ರೂಢಿಯ ಪ್ರಭಾವವಿರಬಹುದು. ಇನ್ನು 'ಪಾಸ್ ಔಟ್' ಎಂದರೆ ಭಾರತದಲ್ಲಿ ಓದು ಮುಗಿಸಿ ಕಾಲೇಜಿನಿಂದ ಹೊರಬರುವುದು. ಬ್ರಿಟನ್ ಅಮೆರಿಕಗಳಲ್ಲಿ ಮುಖ್ಯವಾಗಿ ಪ್ರಜ್ಞೆ ತಪ್ಪಿ ಬೀಳುವುದು. ಕಚೇರಿಗಳಲ್ಲಿ ಕಡತವನ್ನು 'ಪುಟ್ ಅಪ್' ಮಾಡುವುದು ಎಂದರೆ ಮೇಲಧಿಕಾರಿಯ ಮುಂದೆ ಮಂಡಿಸುವುದು. ಇಂಥ ಪ್ರಯೋಗಗಳು ದೇಶದೊಳಗೆ ಅರ್ಥವಾಗುತ್ತವೆ. ಹೊರದೇಶದವರೊಡನೆ ವ್ಯವಹರಿಸುವಾಗ ಮಾತ್ರ ವ್ಯತ್ಯಾಸವನ್ನು ಅರಿತಿರಬೇಕು.

ಕನ್ನಡದ ಆಡುಮಾತು ಇಂಗ್ಲಿಷಿನ ಅವ್ಯಯಗಳನ್ನು ತನ್ನದೇ ರೀತಿಯಲ್ಲಿ ಪಳಗಿಸಿಕೊಂಡಿದೆ. 'ಟರ್ನ್ ಆಫ್', 'ಸ್ವಿಚ್ ಆಫ್' ಎಂಬವುಗಳಿಂದ ಕ್ರಿಯಾಪದವನ್ನು ಬಿಟ್ಟು, 'ಆಫ್' ಎಂಬುದನ್ನು ಮಾತ್ರ ಉಳಿಸಿಕೊಂಡು, 'ಮಾಡು' ಎಂಬುದನ್ನು ಸೇರಿಸಿ 'ಲೈಟ್ ಆಫ್ ಮಾಡು' ಎಂದು ಹೇಳುತ್ತೇವೆ. ಕನ್ನಡದಲ್ಲಿ ಇದು ಸಹಜವಾದ ಪ್ರಯೋಗ. ಇದನ್ನೇ ಇಂಗ್ಲಿಷಿಗೆ ಮರಳಿ ತಿರುಗಿಸಿ 'ಆಫ್ ದಿ ಲೈಟ್' ಎಂದಾಗ ಕ್ರಿಯಾಪದವಿಲ್ಲದ ವಾಕ್ಯವಾಗುತ್ತದೆ. 'ಟರ್ನ್ ಆಫ್ ದಿ ಲೈಟ್' ಎನ್ನುವುದು ಸರಿಯಾದ ರೂಪ. ಇವಲ್ಲದೆ ಚೆಕಪ್, ಮೇಕಪ್, ಸೆಟಪ್, ಲಾಗಿನ್, ಲಾಕ್‌ಡೌನ್, ರನ್‌ಔಟ್ ಮುಂತಾಗಿ ಫ್ರೇಸಲ್ ವರ್ಬ್‌ಗಳಿಂದ ಹುಟ್ಟಿದ ನಾಮಪದಗಳು ಕನ್ನಡದಲ್ಲಿ ದಿನಬಳಕೆಗೆ ಬಂದಿವೆ. ಇಂಗ್ಲಿಷಿನಲ್ಲಿ ಇಂಥ ನಾಮಪದಗಳನ್ನು ಕೂಡಿಸಿಯೋ ನಡುವೆ ಗೆರೆಯಿಟ್ಟೋ ಬರೆಯುತ್ತಾರೆ. ಒತ್ತು ಮೊದಲ ಭಾಗದ ಮೇಲೆ ಬೀಳುತ್ತದೆ. ಕ್ರಿಯೆಯಾಗಿ ಬಳಸುವಾಗ ಬಿಡಿಸಿ ಬರೆಯಬೇಕು.

ಕಲಿಯುವ ಕ್ರಮ

ನಿಘಂಟುಗಳಲ್ಲಿ ಸಾವಿರಾರು ಫ್ರೇಸಲ್ ವರ್ಬ್‌ಗಳು ದಾಖಲಾಗಿದ್ದರೂ ನಿತ್ಯ ಬೇಕಾಗುವವು ಕೆಲವೇ. ಗಾರ್ಡ್‌ನರ್ ಮತ್ತು ಡೇವಿಸ್ ಎಂಬ ಸಂಶೋಧಕರು ಬ್ರಿಟಿಷ್ ಇಂಗ್ಲಿಷಿನ ಹತ್ತು ಕೋಟಿ ಪದಗಳ ಸಂಗ್ರಹವೊಂದನ್ನು ಪರಿಶೀಲಿಸಿ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಅದರಲ್ಲಿ ಕಂಡುಬಂದ ಒಟ್ಟು ಪ್ರಯೋಗಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇವಲ 20 ಕ್ರಿಯಾಪದಗಳು 8 ಅವ್ಯಯಗಳೊಡನೆ ಸೇರಿ ಆದವು. 'ಗೋ', 'ಕಮ್', 'ಟೇಕ್', 'ಗೆಟ್', 'ಸೆಟ್', 'ಪುಟ್' ಮೊದಲಾದವು ಈ ಗುಂಪಿಗೆ ಸೇರುತ್ತವೆ. ಆದುದರಿಂದ ಕಲಿಯುವವರು ಎದೆಗುಂದಬೇಕಾಗಿಲ್ಲ. ಈ ಕೆಳಗಿನ ಕ್ರಮಗಳು ಪ್ರಯೋಜನಕಾರಿ:

1. ಪದಗುಚ್ಛವನ್ನು ಪಟ್ಟಿಯಿಂದ ಬಾಯಿಪಾಠ ಮಾಡುವ ಬದಲು ಒಂದು ಪೂರ್ಣ ವಾಕ್ಯದಲ್ಲಿ ಕಲಿಯಬೇಕು. 'ಬ್ರೇಕ್ ಔಟ್' ಎಂದು ಬರೆದುಕೊಳ್ಳುವುದಕ್ಕಿಂತ 'ಎ ಫೈರ್ ಬ್ರೋಕ್ ಔಟ್ ಇನ್ ದಿ ಟೊಬ್ಯಾಕೊ ಬಾರ್ನ್' (ಹೊಗೆಸೊಪ್ಪಿನ ಬ್ಯಾರನ್ನಿನಲ್ಲಿ ಬೆಂಕಿ ಹೊತ್ತಿಕೊಂಡಿತು) ಎಂದು ಬರೆದುಕೊಂಡರೆ ನೆನಪಿನಲ್ಲಿ ಉಳಿಯುತ್ತದೆ.

2. ಒಂದು ಸಲಕ್ಕೆ ಒಂದೇ ಅರ್ಥವನ್ನು ಕಲಿಯಬೇಕು. 'ಟೇಕ್ ಆಫ್' ಎಂಬುದರ ಎಲ್ಲ ಅರ್ಥಗಳನ್ನೂ ಒಂದೇ ದಿನ ಕಲಿತರೆ ಗೊಂದಲವಾಗುತ್ತದೆ.

3. ಬಿಡಿಸಬಹುದಾದ ಬಗೆಯವನ್ನು ಸರ್ವನಾಮದೊಡನೆ ಬರೆದುಕೊಳ್ಳಬೇಕು: 'ಪುಟ್ ಇಟ್ ಆಫ್', 'ಗಿವ್ ಇಟ್ ಅಪ್', 'ಟರ್ನ್ ಇಟ್ ಡೌನ್'. ಹೀಗೆ ಬರೆದರೆ ನಿಯಮವನ್ನು ಬೇರೆಯಾಗಿ ನೆನಪಿಡಬೇಕಾಗುವುದಿಲ್ಲ.

4. ಅರ್ಥದ ಎದುರಿಗೆ ಬಿಡಿ ಪದಗಳ ಅನುವಾದವನ್ನು ಬರೆಯದೆ, ಕನ್ನಡದಲ್ಲಿ ಆ ಸಂದರ್ಭಕ್ಕೆ ಸಹಜವಾಗಿ ಬರುವ ಕ್ರಿಯೆಯನ್ನು ಬರೆಯಬೇಕು: 'ಲೆಟ್ ಡೌನ್' ಎಂಬುದರ ಎದುರಿಗೆ ಕೈಕೊಡು, 'ಗೋ ಆನ್' ಎಂಬುದರ ಎದುರಿಗೆ ಮುಂದುವರಿ.

5. ನಿಘಂಟಿನಲ್ಲಿ ಇವುಗಳನ್ನು ಸಾಮಾನ್ಯವಾಗಿ ಮುಖ್ಯ ಕ್ರಿಯಾಪದದ ಅಡಿಯಲ್ಲಿ ಹುಡುಕಬೇಕು. 'ಲುಕ್ ಆಫ್ಟರ್' ಎಂಬುದು 'ಲುಕ್' ಎಂಬ ನಮೂದಿನ ಕೊನೆಯ ಭಾಗದಲ್ಲಿ ದೊರೆಯುತ್ತದೆ.

6. ಓದುವಾಗ ಪರಿಚಿತ ಕ್ರಿಯಾಪದವಿದ್ದೂ ವಾಕ್ಯದ ಅರ್ಥ ಕೂಡಿಬರದಿದ್ದರೆ, ಅದರ ಮುಂದಿನ ಚಿಕ್ಕ ಪದವನ್ನು ಮೊದಲು ಗಮನಿಸಬೇಕು. ಬಿಡಿಸಬಹುದಾದ ಬಗೆಯಲ್ಲಿ ಆ ಪದವು ಕರ್ಮಪದದ ಆಚೆಗೂ ಇರಬಹುದು.